ಪೇಟೆಯ ಜೀರ್ಣೋದ್ಧಾರ ಮತ್ತು ಜನಜೀವನ

ಹೈದರಾಬಾದಿನ ಬೇಗಂಪೇಟೆಯ ಹೆಸರಿನಲ್ಲಿರುವ ‘ಪೇಟೆ’ ಕನ್ನಡಿಗರಿಗೆ ಅಪರಿಚಿತ ಪದವಲ್ಲ. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳಲ್ಲಿ ಅದು ವ್ಯಾಪಾರದ ಸ್ಥಳವನ್ನೂ ಅದನ್ನು ಆಶ್ರಯಿಸಿ ಬೆಳೆದ ಜನವಸತಿಯನ್ನೂ ಒಟ್ಟಿಗೆ ಸೂಚಿಸುತ್ತದೆ. ಈ ಎರಡು ಅರ್ಥಗಳು ಅಗಲದಿರುವುದರಲ್ಲಿಯೇ ಪೇಟೆಯ ಕ್ಷೇಮ ಅಡಗಿದೆ. ಹಳೆಯ ಮಾರುಕಟ್ಟೆಗಳ ಜೀರ್ಣೋದ್ಧಾರವನ್ನೂ ಇದೇ ಅಳತೆಗೋಲಿನಿಂದ ನೋಡಬೇಕಾಗುತ್ತದೆ.

ಅದೇ ನಗರದ ಮೊಅಜ್ಜಂ ಜಾಹಿ ಮಾರುಕಟ್ಟೆ ಇದಕ್ಕೊಂದು ನಿದರ್ಶನ. ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1935ರಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಆಳ್ವಿಕೆಯಲ್ಲಿ ಈ ಕಲ್ಲಿನ ಕಟ್ಟಡ ತಲೆಯೆತ್ತಿತು. ಅದಕ್ಕೆ ಆತನ ಎರಡನೆಯ ಮಗನ ಹೆಸರಿದೆ. ಕಾಲಕ್ರಮೇಣ ತಗಡಿನ ಚಾವಣಿಗಳೂ ಹೆಚ್ಚುವರಿ ಕಟ್ಟೋಣಗಳೂ ಅದರ ಕಮಾನುಗಳನ್ನು ಮರೆಮಾಡಿದವು. 2018ರಲ್ಲಿ ಆರಂಭವಾದ ಜೀರ್ಣೋದ್ಧಾರದಲ್ಲಿ ಅವನ್ನು ತೆರವುಗೊಳಿಸಲಾಯಿತು. 2020ರ ಆಗಸ್ಟ್‌ನಲ್ಲಿ ಮಾರುಕಟ್ಟೆ ನವೀಕೃತಗೊಂಡು ತೆರೆಯಿತು. ಹೆಸರಾದ ಐಸ್‌ಕ್ರೀಂ ಅಂಗಡಿಗಳು ಅಲ್ಲಿಯೇ ಮುಂದುವರಿದುದು ಗಮನಾರ್ಹ. ಕಟ್ಟಡದೊಂದಿಗೆ ಅದರ ಬಳಕೆಯೂ ಉಳಿಯಿತು.

ಒಣನೆಲ, ಬೆಳಕು, ಶೌಚಾಲಯಗಳಿಂದ ದಿನವಿಡೀ ದುಡಿಯುವ ವ್ಯಾಪಾರಿಗಳಿಗೆ, ವಿಶೇಷವಾಗಿ ಮಹಿಳೆಯರಿಗೆ, ನೇರವಾದ ಉಪಕಾರವಿದೆ. ಆದರೆ ಪೇಟೆ ನೀಡುವ ನೆಮ್ಮದಿ ಇಷ್ಟಕ್ಕೆ ಮುಗಿಯದು. ಗುರುತಿನ ಗಿರಾಕಿಗೆ ಉದ್ರಿ ಕೊಡುವುದು, ಹತ್ತು ರೂಪಾಯಿಯ ಸೊಪ್ಪನ್ನೂ ಅಳೆದು ಕೊಡುವುದು, ಒಂಟಿಯಾಗಿರುವ ವೃದ್ಧರು ನಾಲ್ಕು ಮಾತಾಡಿ ಹೋಗುವುದು, ಇವೂ ಅದರ ಭಾಗವೇ. ನವೀಕರಣದ ನಂತರ ಬಾಡಿಗೆ ಏರಿದರೆ ಅಥವಾ ಬಾಗಿಲ ಬಳಿ ಬುಟ್ಟಿಯಿಟ್ಟು ಕೂರುವವರನ್ನು ಎಬ್ಬಿಸಿದರೆ, ಮೊದಲು ಕಳೆದುಹೋಗುವುದು ಈ ಸಂಬಂಧಗಳು. ಕಟ್ಟಡದ ಸೊಬಗು ಆ ನಷ್ಟವನ್ನು ತುಂಬಿಕೊಡಲಾರದು.

ಬೀದಿ ವ್ಯಾಪಾರಿಗಳ 2014ರ ಕಾಯಿದೆ ಈ ಅಪಾಯವನ್ನು ಗುರುತಿಸಿದೆ. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕವೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಎಂದು ಅದು ಹೇಳುತ್ತದೆ. ನಗರ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಇಲ್ಲಿ ಪರಂಪರೆಯೆಂಬುದು ಕಲ್ಲಿಗೆ ಮಾತ್ರವಲ್ಲ, ಕಸುಬಿಗೂ ಸಲ್ಲುತ್ತದೆ.

ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿದಾಗ, ಕೆಡವಬೇಕೆ ಉಳಿಸಬೇಕೆ ಎಂಬ ವಾದ ಎದ್ದಿತು. ಕಟ್ಟಡದ ಭವಿಷ್ಯವನ್ನು ನಿರ್ಧರಿಸುವಾಗ ಹೂವು, ವೀಳ್ಯದೆಲೆ, ಕುಂಕುಮ ಮಾರುವವರು ಎಲ್ಲಿಗೆ ಹೋಗಬೇಕು ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಜೀರ್ಣೋದ್ಧಾರ ಮುಗಿದ ಮರುವರ್ಷ ಅದೇ ಕೈಗಳು ಅದೇ ತಕ್ಕಡಿ ಹಿಡಿದಿದ್ದರೆ, ಅದೇ ಓಣಿಯ ಜನ ಚೀಲ ಹಿಡಿದು ಬರುತ್ತಿದ್ದರೆ, ಆಗ ಆ ಕಾರ್ಯ ಸಾರ್ಥಕವಾಯಿತೆನ್ನಬಹುದು.