ಯೂನುಸ್ ಎಂಬ ಹೆಸರಿನ ಅರ್ಥವೇನು?

ಆಲೂರಿನ ನಮ್ಮ ಖಾಲಾ ತಮ್ಮ ಮಗುವಿನ ಅಕೀಕಾಕ್ಕೆ ಯೂನುಸ್ ಎಂಬ ಹೆಸರು ಆರಿಸಿದಾಗ, ಮನೆಯ ಹಿರಿಯರೊಬ್ಬರು ಒಪ್ಪಲಿಲ್ಲ. ಮೀನಿನ ಹೊಟ್ಟೆ ಸೇರಿ ಕಷ್ಟಪಟ್ಟವರ ಹೆಸರು ಮಗುವಿಗೆ ಬೇಡ ಎಂದರು. ಆದರೆ ಆ ಹೆಸರಿನ ಅರ್ಥ ಏನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯೂನುಸ್ ಮೂಲದಲ್ಲಿ ಅರಬಿ ಪದವಲ್ಲ, ಹೀಬ್ರೂ ಭಾಷೆಯದು. ಹೀಬ್ರೂವಿನಲ್ಲಿ ಅದು ‘ಯೋನಾ’. ಯೋನಾ ಎಂದರೆ ಪಾರಿವಾಳ, ಉರ್ದುವಿನಲ್ಲಿ ಹೇಳುವುದಾದರೆ ಕಬೂತರ್. ಹಾಗಾದರೆ ಕೊನೆಯ ‘ಸ್’ ಎಲ್ಲಿಂದ ಬಂತು? ಗ್ರೀಕ್ ಭಾಷೆಯಲ್ಲಿ ಗಂಡಸರ ಹೆಸರಿನ ಕೊನೆಗೆ ಹೆಚ್ಚಾಗಿ ‘ಸ್’ ಬರುತ್ತದೆ. ಅದರಿಂದ ಯೋನಾ ಅವರಲ್ಲಿ ‘ಯೋನಾಸ್’ ಆಯಿತು. ಅರಬಿಯ ಯೂನುಸ್‌ನಲ್ಲಿ ಉಳಿದಿರುವುದು ಆ ‘ಸ್’ ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಇಲ್ಯಾಸ್ ಹೆಸರಿನ ‘ಸ್’ ಕೂಡ ಹೀಗೆಯೇ ಬಂದದ್ದು. ಕನ್ನಡ ಬೈಬಲಿನಲ್ಲಿ ಹೀಬ್ರೂವಿಗೆ ಹತ್ತಿರವಾಗಿ ‘ಯೋನ’, ‘ಎಲೀಯ’ ಎಂದಿದೆ. ಸಕಲೇಶಪುರದಲ್ಲಿ ಚರ್ಚಿಗೆ ಹೋಗುವ ನಮ್ಮ ಗೆಳೆಯರು ಓದುವ ಯೋನ, ನಾವು ಓದುವ ಯೂನುಸ್ ಒಬ್ಬರೇ.

ಪವಿತ್ರ ಕುರ್‌ಆನ್‌ನಲ್ಲಿ ಹಜರತ್ ಯೂನುಸ್ (ಅ.ಸ.) ಅವರ ಹೆಸರು 4 ಕಡೆ ಬರುತ್ತದೆ. 10ನೇ ಸೂರಾಕ್ಕೆ ಅವರದೇ ಹೆಸರು. 21ನೇ ಸೂರಾದಲ್ಲಿ ಅವರನ್ನು ‘ಝುನ್ನೂನ್’, ಅಂದರೆ ಮೀನಿನವರು ಎಂದು ಕರೆಯಲಾಗಿದೆ. ಕಷ್ಟ ಬಂದಾಗ ನಮ್ಮ ಮನೆಗಳಲ್ಲಿ ಓದುವ ಆಯತೆ ಕರೀಮಾ ಅವರು ಆ ಕತ್ತಲಲ್ಲಿ ಮಾಡಿದ ದುವಾ. ದುವಾ ಕಬೂಲಾಯಿತು, ಅವರು ದಡ ಸೇರಿದರು, ನೆರಳಿಗೆ ಸೋರೆಯಂಥ ಬಳ್ಳಿಯೂ ಬೆಳೆಯಿತು. ಅವರ ಊರಿನ ಜನ ಈಮಾನ್ ತಂದು ಶಿಕ್ಷೆಯಿಂದ ಪಾರಾದರು. ಆ ಜನರ ಸಂಖ್ಯೆ ಕುರ್‌ಆನ್ ಪ್ರಕಾರ 1 ಲಕ್ಷ ಅಥವಾ ಇನ್ನೂ ಹೆಚ್ಚು, ಬೈಬಲ್ ಪ್ರಕಾರ 1,20,000ಕ್ಕಿಂತ ಹೆಚ್ಚು. ಆದ್ದರಿಂದ ಈ ಹೆಸರು ನೆನಪಿಸುವುದು ಕಷ್ಟವನ್ನು ಮಾತ್ರವಲ್ಲ, ಕ್ಷಮೆಯನ್ನು.

ಆ ಊರು ನಿನೆವೆ, ಇಂದಿನ ಇರಾಕಿನ ಮೋಸುಲ್ ಪಕ್ಕದ್ದು. ಅಲ್ಲಿ ಅವರ ಮಜಾರ್ ಇದೆ ಎಂದು ಮುಸ್ಲಿಮರೂ ಕ್ರೈಸ್ತರೂ ಗೌರವಿಸುತ್ತಿದ್ದ ಮಸೀದಿಯನ್ನು 2014ರ ಜುಲೈನಲ್ಲಿ ಐಸಿಸ್ ಉಗ್ರರು ಸ್ಫೋಟಿಸಿದರು. ಇಸ್ಲಾಮಿನ ಹೆಸರು ಹೇಳಿಕೊಂಡವರೇ ಪ್ರವಾದಿಯೊಬ್ಬರ ನೆನಪನ್ನು ಒಡೆದರು ಎಂಬುದು ನಾವು ಮರೆಯಬಾರದ ಮಾತು.

ಇಸ್ಮಾಯಿಲ್ ಎಂದರೆ ದೇವರು ಕೇಳಿಸಿಕೊಳ್ಳುತ್ತಾನೆ, ಝಕರಿಯಾ ಎಂದರೆ ದೇವರು ನೆನಪಿಟ್ಟಿದ್ದಾನೆ. ಇವುಗಳ ಮೂಲವೂ ಹೀಬ್ರೂ. ಹಾಜರಿ ಕೂಗುವಾಗ ಈ ಹೆಸರುಗಳನ್ನು ದಿನಾ ಕೇಳುತ್ತೇವೆ. ಅರ್ಥ ತಿಳಿದು ಕೇಳಿದರೆ ಇನ್ನೂ ಚೆಂದ.