ಹಸುಗೂಸಿಗೂ ಕಣ್ಣಿನ ಪೊರೆ ಬರುತ್ತಾ? ಆಪರೇಷನ್‌ಗೆ ವಾರಗಳ ಲೆಕ್ಕ, ಆಮೇಲೆ ವರ್ಷಗಳ ಆರೈಕೆ

ಪುಣೆ: ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಕನ್ನಡ ಕಿವಿಗೆ ಬೀಳುತ್ತದೆ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರು, ಹೆರಿಗೆಗೆಂದು ತವರಿಗೆ ಹೊರಟವರು, ಬಾಣಂತನ ಮುಗಿಸಿ ಕೂಸಿನ ಜತೆ ವಾಪಸ್ ಬಂದವರು. ಎರಡು ರಾಜ್ಯಗಳ ನಡುವಿನ ಈ ಓಡಾಟದಲ್ಲಿ ಲಸಿಕೆ ಕಾರ್ಡ್ ನೆನಪಿರುತ್ತದೆ, ಮಗುವಿನ ಕಣ್ಣಿನ ತಪಾಸಣೆ ಮರೆತುಹೋಗುತ್ತದೆ. ಹುಟ್ಟಿನಿಂದಲೇ ಪೊರೆ ಇರುವ ಮಗುವಿನ ವಿಷಯದಲ್ಲಿ ಈ ಮರೆವಿನ ಬೆಲೆ ದೊಡ್ಡದು.

ಪೊರೆ ಅಂದರೆ ಅಜ್ಜ-ಅಜ್ಜಿಯರ ಕಾಯಿಲೆ ಎಂದೇ ನಾವು ತಿಳಿದಿದ್ದೇವೆ. ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಾರೆ, ಲೆನ್ಸ್ ಹಾಕುತ್ತಾರೆ, ಮರುದಿನ ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜ ಮನೆಗೆ ಬರುತ್ತಾರೆ. ಅಜ್ಜ ಆಪರೇಷನ್ ಅನ್ನು ಒಂದು ವರ್ಷ ಮುಂದೂಡಿದರೂ ಸಾಮಾನ್ಯವಾಗಿ ಅಂಥ ನಷ್ಟವಿಲ್ಲ. ಮಗುವಿನ ಲೆಕ್ಕವೇ ಬೇರೆ.

ಅವಸರ ಯಾಕೆ?

ನೋಡುವುದು ಕಣ್ಣು ಮಾತ್ರವಲ್ಲ, ಮಿದುಳು ಕೂಡ. ಹುಟ್ಟಿದ ಮೊದಲ ವಾರಗಳಲ್ಲಿ ಕಣ್ಣಿನಿಂದ ಸ್ಪಷ್ಟ ಚಿತ್ರ ಬಂದರೆ ಮಾತ್ರ ಮಿದುಳಿನ ದೃಷ್ಟಿ ಭಾಗ ಸರಿಯಾಗಿ ಬೆಳೆಯುತ್ತದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲ ಕಾಲ ಮುಚ್ಚಿ ಇದನ್ನು ತೋರಿಸಿಕೊಟ್ಟರು. ಆಮೇಲೆ ಕಣ್ಣು ತೆರೆದರೂ ಆ ಮರಿಗಳಿಗೆ ಆ ಕಣ್ಣಿನಿಂದ ನೋಡಲು ಬರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಮಿದುಳು ಅದನ್ನು ಲೆಕ್ಕದಿಂದ ಬಿಟ್ಟಿತ್ತು. ದೃಷ್ಟಿ ವ್ಯವಸ್ಥೆಯ ಕುರಿತ ಸಂಶೋಧನೆಗಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ಹಾಗಾಗಿ ದಟ್ಟ ಪೊರೆ ಒಂದೇ ಕಣ್ಣಿನಲ್ಲಿದ್ದರೆ ಸುಮಾರು ಆರು ವಾರದೊಳಗೆ, ಎರಡೂ ಕಣ್ಣಿನಲ್ಲಿದ್ದರೆ ಸುಮಾರು ಎಂಟು ವಾರದೊಳಗೆ ಆಪರೇಷನ್ ಆಗಬೇಕು ಎಂಬುದು ತಜ್ಞರ ಸಾಮಾನ್ಯ ನಿಲುವು. ಒಂದೇ ಕಣ್ಣಿನಲ್ಲಿದ್ದರೆ ಅವಸರ ಹೆಚ್ಚು ಎಂಬುದು ವಿಚಿತ್ರ ಅನ್ನಿಸಬಹುದು. ಚೆನ್ನಾಗಿರುವ ಕಣ್ಣು ಮಿದುಳನ್ನು ಪೂರ್ತಿ ತನ್ನದಾಗಿಸಿಕೊಳ್ಳುತ್ತದೆ, ಅದಕ್ಕೆ. ಹಾಗೆಂದು ತೀರಾ ಬೇಗ, ನಾಲ್ಕು ವಾರಕ್ಕೂ ಮೊದಲೇ ಮಾಡಿದರೆ ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಅಪಾಯ ಹೆಚ್ಚುತ್ತದೆ. ಅಂದರೆ ವೈದ್ಯರ ಕೈಯಲ್ಲಿರುವುದು ಕೆಲವೇ ವಾರಗಳು.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ ಮನೆಗೆ ಬರಬೇಕಾದ ದಿನಗಳು 3, 7, 14, 21, 28 ಮತ್ತು 42. ಕೊನೆಯ ಭೇಟಿ ಬೀಳುವುದು ಸರಿಯಾಗಿ ಆರನೇ ವಾರಕ್ಕೆ! ಆ ದಿನಗಳಲ್ಲಿ ತಾಯಿ-ಮಗು ಬಸ್ಸಿನಲ್ಲೋ ಹೊಸ ಊರಿನ ಶೆಡ್ಡಿನಲ್ಲೋ ಇದ್ದರೆ ನೋಡುವವರು ಯಾರು?

ಮನೆಯಲ್ಲಿ ಏನು ಕಾಣುತ್ತದೆ

ಕಣ್ಣಿನ ಪಾಪೆ ಕಪ್ಪಗಿರುವ ಬದಲು ಬಿಳಿ ಅಥವಾ ಬೂದು ಬಣ್ಣಕ್ಕಿರುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಕೆಂಪಗೆ ಹೊಳೆದು ಇನ್ನೊಂದು ಬೆಳ್ಳಗೆ ಕಂಡರೆ ತಡಮಾಡಬಾರದು. ಬಿಳಿ ಪಾಪೆ ಕಣ್ಣಿನ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ಎರಡು-ಮೂರು ತಿಂಗಳಾದರೂ ಮಗು ಅಮ್ಮನ ಮುಖದ ಮೇಲೆ ನೋಟ ನಿಲ್ಲಿಸದಿದ್ದರೆ, ಕಣ್ಣುಗುಡ್ಡೆ ಒಂದೇ ಸಮನೆ ಅದುರುತ್ತಿದ್ದರೆ, ಮೆಳ್ಳೆಗಣ್ಣು ಇದ್ದರೂ ವೈದ್ಯರಿಗೆ ತೋರಿಸಬೇಕು. ಕೆಲವು ಕಡೆ ಮೆಳ್ಳೆಗಣ್ಣನ್ನು ಅದೃಷ್ಟ ಅನ್ನುತ್ತಾರೆ, ಆ ಮಾತನ್ನು ಪಕ್ಕಕ್ಕಿಡಿ.

ಆಪರೇಷನ್ ಹೇಗೆ?

ಪೂರ್ಣ ಅರಿವಳಿಕೆ ಬೇಕೇ ಬೇಕು. ಹಾಗಾಗಿ ಪುಟ್ಟ ಮಕ್ಕಳಿಗೆ ಅರಿವಳಿಕೆ ಕೊಟ್ಟು ಅನುಭವವಿರುವ ವೈದ್ಯರು ಇರುವ ಆಸ್ಪತ್ರೆಯಲ್ಲೇ ಇದು ಆಗಬೇಕು. ಮಗುವಿನ ಮಸೂರ ಅಜ್ಜನದರಂತೆ ಗಟ್ಟಿಯಾಗಿರುವುದಿಲ್ಲ, ಅಂಟಿನಂತೆ ಮೆತ್ತಗಿರುತ್ತದೆ. ಕಣ್ಣಿನ ಅಂಚಿನಲ್ಲಿ ಸಣ್ಣ ರಂಧ್ರ ಮಾಡಿ, ಮಸೂರದ ಮುಂದಿನ ಚೀಲವನ್ನು ದುಂಡಗೆ ತೆರೆದು, ಒಳಗಿನದನ್ನು ಹೀರಿ ತೆಗೆಯುತ್ತಾರೆ.

ದೊಡ್ಡವರ ಆಪರೇಷನ್ ಇಲ್ಲಿಗೆ ಬಹುತೇಕ ಮುಗಿದಂತೆ. ಮಗುವಿನಲ್ಲಿ ಇನ್ನೊಂದು ಮುಖ್ಯ ಕೆಲಸ ಉಳಿದಿರುತ್ತದೆ. ಹಿಂದಿನ ಚೀಲವನ್ನು ಹಾಗೇ ಬಿಟ್ಟರೆ ಅದು ಮತ್ತೆ ಮಬ್ಬಾಗುವುದು ಹೆಚ್ಚುಕಮ್ಮಿ ಖಚಿತ, ಏಕೆಂದರೆ ಎಳೆಯ ಜೀವಕೋಶಗಳು ಭರದಿಂದ ಬೆಳೆಯುತ್ತವೆ. ದೊಡ್ಡವರಿಗಾದರೆ ಆಮೇಲೆ ಲೇಸರ್‌ನಿಂದ ತೆರೆಯಬಹುದು. ಕೂಸನ್ನು ಮೆಷಿನ್ ಮುಂದೆ ಅಲುಗಾಡದೆ ಕೂರಿಸುವುದು ಹೇಗೆ? ಅದಕ್ಕೇ ಹಿಂದಿನ ಚೀಲದ ಮಧ್ಯಭಾಗವನ್ನೂ ಅದರ ಹಿಂದಿರುವ ಲೋಳೆಯ ಸ್ವಲ್ಪ ಭಾಗವನ್ನೂ ಅದೇ ಆಪರೇಷನ್‌ನಲ್ಲಿ ತೆಗೆದುಬಿಡುತ್ತಾರೆ. ಕಣ್ಣಿನ ಗೋಡೆ ಮೆತ್ತಗಿರುವುದರಿಂದ ಸಣ್ಣ ಗಾಯಕ್ಕೂ ಕರಗುವ ಹೊಲಿಗೆ ಹಾಕುತ್ತಾರೆ.

ಲೆನ್ಸ್ ಹಾಕಬೇಕಾ, ಬೇಡವಾ?

ಹುಟ್ಟಿದಾಗ ಸುಮಾರು 17 ಮಿ.ಮೀ. ಉದ್ದವಿರುವ ಕಣ್ಣು ದೊಡ್ಡವರಾಗುವಷ್ಟರಲ್ಲಿ 23-24 ಮಿ.ಮೀ. ಆಗುತ್ತದೆ. ಇವತ್ತು ಸರಿಹೊಂದುವ ಲೆನ್ಸ್ ಪವರ್ ಎರಡು ವರ್ಷದ ನಂತರ ಸರಿಹೊಂದುವುದಿಲ್ಲ. ಅಮೆರಿಕದಲ್ಲಿ ಒಂದೇ ಕಣ್ಣಿನಲ್ಲಿ ಪೊರೆ ಇದ್ದ, ಏಳು ತಿಂಗಳೊಳಗಿನ 114 ಶಿಶುಗಳ ಮೇಲೆ ನಡೆದ ಅಧ್ಯಯನ ಈ ಚರ್ಚೆಗೆ ಮುಖ್ಯ ಆಧಾರ. ಅರ್ಧದಷ್ಟು ಮಕ್ಕಳಿಗೆ ಕಣ್ಣಿನೊಳಗೆ ಕೃತಕ ಲೆನ್ಸ್, ಉಳಿದವರಿಗೆ ಹೊರಗಿನಿಂದ ಕಾಂಟ್ಯಾಕ್ಟ್ ಲೆನ್ಸ್. ಐದು ವರ್ಷದ ಹೊತ್ತಿಗೆ ಎರಡೂ ಗುಂಪಿನ ದೃಷ್ಟಿಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆದರೆ ಒಳಗೆ ಲೆನ್ಸ್ ಹಾಕಿದ ಮಕ್ಕಳಲ್ಲಿ 72% ಮಂದಿಗೆ ಮತ್ತೊಂದು ಆಪರೇಷನ್ ಬೇಕಾಯಿತು, ಇನ್ನೊಂದು ಗುಂಪಿನಲ್ಲಿ 21%. ಹಾಗಾಗಿ ಏಳು ತಿಂಗಳೊಳಗಿನ ಶಿಶುಗಳಿಗೆ ಮೊದಲು ಕಾಂಟ್ಯಾಕ್ಟ್ ಲೆನ್ಸ್ ಅಥವಾ ದಪ್ಪ ಕನ್ನಡಕ ಕೊಟ್ಟು, ಕೆಲ ವರ್ಷಗಳ ನಂತರ ಒಳಗೆ ಲೆನ್ಸ್ ಹಾಕುವ ಪದ್ಧತಿಗೆ ಒಲವು ಹೆಚ್ಚು.

ಆದರೆ ಧೂಳಿನ ಕೆಲಸದ ಜಾಗ, ನೀರಿನ ಕೊರತೆ, ಲೆನ್ಸ್ ಕಳೆದರೆ ಮತ್ತೆ ಖರ್ಚು, ಇವೆಲ್ಲ ಅಮೆರಿಕದ ಅಧ್ಯಯನದೊಳಗೆ ಇಲ್ಲ. ಕಾಂಟ್ಯಾಕ್ಟ್ ಲೆನ್ಸ್ ನಿಭಾಯಿಸಲು ಆಗದ ಮನೆಗೆ ಒಳಗಿನ ಲೆನ್ಸೇ ವಾಸಿ ಎಂದು ವೈದ್ಯರು ನಿರ್ಧರಿಸಬಹುದು. ಮನೆಯ ಪರಿಸ್ಥಿತಿಯನ್ನು ಸಂಕೋಚವಿಲ್ಲದೆ ಅವರಿಗೆ ಹೇಳುವುದು ಒಳ್ಳೆಯದು.

ಫಲಿತಾಂಶ ಎಷ್ಟು?

ಅದೇ ಅಧ್ಯಯನದ ಮಕ್ಕಳನ್ನು ಹತ್ತೂವರೆ ವರ್ಷದ ಹೊತ್ತಿಗೆ ಪರೀಕ್ಷಿಸಿದಾಗ ಸುಮಾರು ಕಾಲುಭಾಗದ ಮಕ್ಕಳಿಗೆ ಆ ಕಣ್ಣಿನಲ್ಲಿ ಉತ್ತಮ ದೃಷ್ಟಿ ಇತ್ತು. 44% ಮಕ್ಕಳ ದೃಷ್ಟಿ 6/60 ಅಥವಾ ಅದಕ್ಕಿಂತ ಕಡಿಮೆ. 22% ಮಕ್ಕಳಿಗೆ ಗ್ಲಾಕೋಮಾ ಬಂದಿತ್ತು. ಅಂಕಿಗಳು ಕಹಿಯಾಗಿವೆ, ನಿಜ. ಒಂದೇ ಕಣ್ಣಿನ ಪೊರೆ ಅತ್ಯಂತ ಕಷ್ಟದ ಪ್ರಕರಣ ಎಂಬುದು ನೆನಪಿರಲಿ. ಎರಡೂ ಕಣ್ಣಿನಲ್ಲಿದ್ದು ಸಮಯಕ್ಕೆ ಸರಿಯಾಗಿ ಆಪರೇಷನ್ ಆದ ಮಕ್ಕಳ ಫಲಿತಾಂಶ ಸಾಮಾನ್ಯವಾಗಿ ಇದಕ್ಕಿಂತ ಉತ್ತಮ.

ಒಂದೇ ಕಣ್ಣಿನಲ್ಲಿ ಪೊರೆ ಇದ್ದ ಮಗುವಿಗೆ ಚೆನ್ನಾಗಿರುವ ಕಣ್ಣಿನ ಮೇಲೆ ದಿನವೂ ಪ್ಯಾಚ್ ಅಂಟಿಸಬೇಕು. ಆ ಅಧ್ಯಯನದಲ್ಲಿ ಎಂಟು ತಿಂಗಳವರೆಗೆ ವಯಸ್ಸು ಎಷ್ಟು ತಿಂಗಳೋ ದಿನಕ್ಕೆ ಅಷ್ಟು ಗಂಟೆ, ಆಮೇಲೆ ಎಚ್ಚರವಿರುವ ಅರ್ಧ ಹೊತ್ತು ಎಂದು ಸೂಚಿಸಿದ್ದರು. ಮಗು ಅಳುತ್ತದೆ, ಕಿತ್ತು ಎಸೆಯುತ್ತದೆ. ಇದು ಅಮ್ಮನೊಬ್ಬಳ ಕೆಲಸ ಎಂದು ಮನೆಯವರು ಕೈತೊಳೆದುಕೊಂಡರೆ ಹೆಚ್ಚು ದಿನ ನಡೆಯುವುದಿಲ್ಲ. ಗ್ಲಾಕೋಮಾ ವರ್ಷಗಳ ನಂತರವೂ ಬರಬಹುದಾದ್ದರಿಂದ ಕಣ್ಣಿನ ಒತ್ತಡದ ತಪಾಸಣೆ ಜೀವನಪೂರ್ತಿ ಇರುತ್ತದೆ.

ತಡವಾಯಿತೆಂದು ದೊಡ್ಡ ಮಕ್ಕಳನ್ನು ಹಾಗೇ ಬಿಡುವಂತೆಯೂ ಇಲ್ಲ. ಎಂಐಟಿಯ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಭಾರತದಲ್ಲಿ ತಡವಾಗಿ ಆಪರೇಷನ್ ಆದ ಮಕ್ಕಳನ್ನು ಗಮನಿಸಿ, ಪೂರ್ತಿ ಅಲ್ಲದಿದ್ದರೂ ಉಪಯೋಗಕ್ಕೆ ಬರುವಷ್ಟು ದೃಷ್ಟಿ ಮರಳಬಹುದು ಎಂದು ತೋರಿಸಿದೆ.

ಕಾರಣ, ಮತ್ತು ಎಲ್ಲಿ ತೋರಿಸಬೇಕು

ಕೆಲವರಲ್ಲಿ ವಂಶವಾಹಿ, ಹಲವರಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಆದರೆ ಗರ್ಭಿಣಿಗೆ ಬರುವ ರುಬೆಲ್ಲಾವನ್ನು ತಡೆಯಬಹುದು. ಶಿಶುಗಳ ಪೊರೆಗೂ ರುಬೆಲ್ಲಾಗೂ ನಂಟಿದೆ ಎಂದು 1941ರಲ್ಲಿ ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ಭಾರತದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಜನ್ಮಜಾತ ಪೊರೆ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಈ ಕಾರ್ಯಕ್ರಮ ಮಹಾರಾಷ್ಟ್ರದಲ್ಲೂ ಇದೆ, ಕರ್ನಾಟಕದಲ್ಲೂ ಇದೆ. ಅನುಮಾನ ಬಂದರೆ ಊರಿಗೆ ಹೋದಮೇಲೆ ನೋಡೋಣ ಎನ್ನದೆ, ಇರುವಲ್ಲೇ ತೋರಿಸಿ. ಪುಣೆಯಲ್ಲಿ ಸರ್ಕಾರಿ ಸಸೂನ್ ಆಸ್ಪತ್ರೆ ಹಾಗೂ ಹಡಪ್ಸರ್ ಕಡೆಯ ಮೊಹಮ್ಮದ್‌ವಾಡಿಯ ಎಚ್.ವಿ. ದೇಸಾಯಿ ಕಣ್ಣಿನ ಆಸ್ಪತ್ರೆ ಇವೆ. ಬೆಂಗಳೂರಿನಲ್ಲಿ ಮಿಂಟೋ ಇದೆ. ಆಪರೇಷನ್ ಒಂದು ಊರಲ್ಲಿ, ಮುಂದಿನ ತಪಾಸಣೆ ಇನ್ನೊಂದು ಊರಲ್ಲಿ ಎಂದಾದರೆ ಡಿಸ್ಚಾರ್ಜ್ ಚೀಟಿ, ಲೆನ್ಸ್ ಪವರ್ ಬರೆದ ಕಾರ್ಡ್, ಕಣ್ಣಿನ ಒತ್ತಡದ ವಿವರ ಮೂರನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕಾಗದ ಮರಾಠಿಯಲ್ಲಿದ್ದರೆ ಹೊರಡುವ ಮುನ್ನ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ.