ರೈನ್ ದಂಡೆಯ ಹಳೆಯ ಹಳಿ

ಫ್ರಾಂಕ್‌ಫರ್ಟಿನಿಂದ ಕೊಲೋನಿಗೆ 2002ರಲ್ಲಿ ತೆರೆದ ಅತಿವೇಗದ ರೈಲುಮಾರ್ಗದಲ್ಲಿ ತಾಸಿಗೆ ತುಸು ಹೆಚ್ಚಿನ ಪ್ರಯಾಣ. ಆದರೆ ರೈನ್ ಕಣಿವೆಯ ಸೊಬಗು ಅಲ್ಲಿ ದೊರೆಯದು. ಕೊಲೋನಿನಲ್ಲಿ ದಾದಿಯಾಗಿರುವ ತಂಗಿಯನ್ನು ಕಾಣಲು ವೃದ್ಧ ತಾಯಿಯೊಡನೆ ಹೊರಟ ನಾವು, ಮೈನ್ಸ್ ಮೂಲಕ ನದಿಯ ಎಡದಂಡೆಯಲ್ಲೇ ಸಾಗುವ ಹಳೆಯ ಮಾರ್ಗವನ್ನು ಆರಿಸಿಕೊಂಡೆವು. ಮಗಳನ್ನು ಬೇಗನೆ ಕಾಣುವ ಆತುರದಲ್ಲಿದ್ದ ತಾಯಿಯವರನ್ನು ಒಪ್ಪಿಸುವುದೇ ಕಷ್ಟವಾಯಿತು.

ಬಿಂಗೆನ್ ದಾಟಿದೊಡನೆ ಕಣಿವೆ ಕಿರಿದಾಗುತ್ತದೆ. ಬಲಬದಿಯ ಕಿಟಕಿಯೇ ಲೇಸು: ಕಡಿದಾದ ಇಳಿಜಾರಿನ ದ್ರಾಕ್ಷಿತೋಟಗಳು, ಕೌಬ್ ಬಳಿ ಹೊಳೆಯ ನಡುವೆಯೇ ನಿಂತ ಹಳೆಯ ಸುಂಕದ ಕೋಟೆ, ಬಳಿಕ 132 ಮೀಟರ್ ಎತ್ತರದ ಲೋರೆಲೈ ಬಂಡೆ. ತಾಯಿಯವರು ಜಪಸರವನ್ನು ಮಡಿಲಲ್ಲಿರಿಸಿ, "ಇವಳು ಊರಿಗೆ ಬರಲೊಲ್ಲದ್ದು ಇದಕ್ಕೋ?" ಎಂದರು.

ಕೊಲೋನ್ ನಿಲ್ದಾಣದ ಮಗ್ಗುಲಲ್ಲೇ, 1248ರಲ್ಲಿ ಆರಂಭವಾಗಿ 1880ರಲ್ಲಿ ಪೂರ್ಣಗೊಂಡ ಕೆಥೆಡ್ರಲ್ ಇದೆ. ತಾಯಿಯವರು ಅತ್ತ ತಲೆಯೆತ್ತಲಿಲ್ಲ. ತಂಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು.